ಹತ್ತು ಗಂಟೆಯ ಪಾಠ

ಡ್ರೈವಿಂಗ್ ಮೇಷ್ಟ್ರು ಕೂತಲ್ಲಿ ಕೂರುವ ಜೀವವಲ್ಲ. ಕೂತೇ ಮಾಡುವ ಕೆಲಸವನ್ನು ಮೂವತ್ತು ವರ್ಷ ಮಾಡಿದರೂ ಅವರಿಗೆ ಕೂರುವ ವಿದ್ಯೆ ಬರಲಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಕಲಿಯುವವರು ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಗೆಂದೇ ಕೂರಿಸಿದ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದರು. ಆ ಪಾದಕ್ಕೆ ಮನೆಗೆ ಬಂದ ಮೇಲೂ ಬಿಡುವಿರಲಿಲ್ಲ. ಊಟದ ಮೇಜಿನ ಕೆಳಗೆ, ಟಿವಿ ಮುಂದೆ, ನಿದ್ದೆಯಲ್ಲಿ ಕೂಡ ಅದು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಹಾಸಿಗೇಲೂ ಯಾರನ್ನ ಕಾಪಾಡ್ತಿದೀರ?" ಎಂದು ಅವಳು ಕೇಳಿದರೆ, "ನಿನ್ನನ್ನೇ" ಎಂದು ಮಗ್ಗುಲಾಗುತ್ತಿದ್ದರು.

ಅಂಥ ಮನುಷ್ಯನಿಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ ಡಾಕ್ಟರಮ್ಮ ಎದುರು ಕೂರಿಸಿಕೊಂಡು ಒಂದು ಚಿತ್ರ ಬರೆದು ತೋರಿಸಿದರು. ಗಂಡಸರಿಗೆ ಮೂತ್ರಕೋಶದ ಬುಡದಲ್ಲಿ ಅಡಿಕೆಗಿಂತ ಸ್ವಲ್ಪ ದೊಡ್ಡದೊಂದು ಗ್ರಂಥಿ ಇರುತ್ತದೆ, ಅದರೊಳಗೆ ಕ್ಯಾನ್ಸರ್ ಕೂತಿದೆ. ಗ್ರಂಥಿ ದಾಟಿ ಹೋದಂತಿಲ್ಲ. ರೇಡಿಯೇಷನ್ ಕೊಡೋಣ, ಜೊತೆಗೆ ಗಂಡಸರ ಹಾರ್ಮೋನು ತಗ್ಗಿಸೋಕೆ ಕೆಲವು ತಿಂಗಳಿಗೊಂದು ಇಂಜೆಕ್ಷನ್.

"ವಾರಕ್ಕೆ ಐದು ದಿನ ಬರ್ಬೇಕು. ಹೆಚ್ಚುಕಮ್ಮಿ ಎರಡು ತಿಂಗಳು. ಕೊಡುವಾಗ ನೋಯಲ್ಲ, ಸುಡಲ್ಲ, ಏನೂ ಗೊತ್ತಾಗಲ್ಲ" ಎಂದರು ಡಾಕ್ಟರಮ್ಮ. "ನೀವು ಮಾಡಬೇಕಾದ್ದು ಎರಡೇ ಕೆಲಸ. ಮೂತ್ರಕೋಶ ತುಂಬಿಸ್ಕೊಂಡು ಇರೋದು, ಅಲುಗಾಡದೆ ಮಲಗೋದು."

"ಎರಡನೇದು ಇವರ ಜಾತಕದಲ್ಲೇ ಇಲ್ಲ ಡಾಕ್ಟ್ರೇ" ಎಂದಳು ಹೆಂಡತಿ.

ಡಾಕ್ಟರಮ್ಮ ನಕ್ಕರು. ಮೂತ್ರಕೋಶ ತುಂಬಿದ್ದರೆ ಅದು ಮೇಲಕ್ಕೆ ಉಬ್ಬಿ, ಕರುಳನ್ನೂ ಜರುಗಿಸಿ, ಕಿರಣ ಬೀಳುವ ದಾರಿಯಿಂದ ದೂರ ಇರಿಸುತ್ತದೆ ಎಂದು ವಿವರಿಸಿದರು. ಮೂರನೇ ವಾರದ ಹೊತ್ತಿಗೆ ಒಂದಕ್ಕೆ ಪದೇ ಪದೇ ಹೋಗಬೇಕೆನಿಸಬಹುದು, ಉರಿಯಬಹುದು, ಹೊಟ್ಟೆ ಕೆಡಬಹುದು, ಸುಸ್ತು ಹತ್ತಬಹುದು, ಮುಗಿದ ಮೇಲೂ ಒಂದೆರಡು ವಾರ ಅದು ಜಾಸ್ತಿಯೇ ಆಗಿ ಆಮೇಲೆ ಇಳಿಯುತ್ತದೆ ಎಂದೂ ಹೇಳಿದರು. ಮೇಷ್ಟ್ರು ತಲೆಯಾಡಿಸಿದರು. ಅವರ ಕಿವಿಗೆ 'ನೋಯಲ್ಲ' ಎಂಬುದರ ಆಚೆಗೆ ಒಂದು ಅಕ್ಷರವೂ ಬಿದ್ದಿರಲಿಲ್ಲ. ಹೆಂಡತಿ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗ್ರಂಥಾಲಯದ ಕೌಂಟರಿನಲ್ಲಿ ಕೆಲಸ ಮಾಡುವವಳು, ಬೇರೆಯವರ ಪಿಸುಮಾತು ಕೇಳಿಸಿಕೊಂಡೇ ಅವಳ ಕಿವಿ ಚುರುಕಾಗಿತ್ತು.

ದಿನಾ ಜೊತೆಗೆ ಬರುತ್ತೇನೆ, ರಜ ಹಾಕುತ್ತೇನೆ ಎಂದಳು. ಮೇಷ್ಟ್ರು ಒಪ್ಪಲಿಲ್ಲ.

"ನೀನು ಪಕ್ಕದಲ್ಲಿ ಚೀಲ ಹಿಡ್ಕೊಂಡು ಕೂತ್ರೆ ನಾನು ರೋಗಿ ಥರ ಕಾಣ್ತೀನಿ."

"ಮತ್ತೆ ಇನ್ನೇನು ಥರ ಕಾಣ್ಬೇಕು ಅಂತಿದೀರ?"

ಅದಕ್ಕೆ ಅವರ ಹತ್ತಿರ ಒಂದು ಉಪಾಯ ಇತ್ತು. ಅವರ ಶಿಷ್ಯರಲ್ಲಿ ಒಬ್ಬ ಬೇಕರಿಯವನಿದ್ದ. ನಲವತ್ತು ದಾಟಿದ ಆಸಾಮಿ, ಬಾಗಿಲು ತುಂಬುವ ಮೈ, ಆದರೆ ಸ್ಟಿಯರಿಂಗ್ ಹಿಂದೆ ಕೂತರೆ ಇಲಿ. ಸ್ವಂತ ವ್ಯಾನಿನಲ್ಲಿ ಅಂಗಡಿಗಳಿಗೆ ಬ್ರೆಡ್ಡು ಹಾಕಬೇಕೆಂಬ ಆಸೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಮೂರನೆಯದಕ್ಕೆ ದಿನಾ ಪಾಠ ಬೇಕೆಂದು, ರಾತ್ರಿಯಿಡೀ ಒಲೆ ಮುಂದೆ ನಿಂತು, ಎರಡು ಗಂಟೆ ನಿದ್ದೆ ಮಾಡಿ, ಬೆಳಗ್ಗೆ ಹತ್ತಕ್ಕೆ ಬರುತ್ತಿದ್ದ. ಮೇಷ್ಟ್ರು ತಮ್ಮ ಆಸ್ಪತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಿಕೊಂಡರು. ಶಿಷ್ಯ ಗಾಡಿ ಓಡಿಸುತ್ತಾನೆ, ಗಾಡಿ ಆಸ್ಪತ್ರೆಗೆ ಹೋಗುತ್ತದೆ, ಪಾಠಕ್ಕೆ ಪಾಠವೂ ಆಯಿತು, ಗುಟ್ಟಿಗೆ ಗುಟ್ಟೂ ಉಳಿಯಿತು. "ನನಗಿಲ್ಲೊಂದು ಕೆಲಸ ಇದೆ. ನೀನು ಗಾಡೀಲೇ ಕೂತು ರಸ್ತೆ ನಿಯಮದ ಪುಸ್ತಕ ಓದ್ಕೋತಿರು" ಎಂದರು ಮೊದಲ ದಿನ. ಬೇಕರಿಯವನು ಪುಸ್ತಕವನ್ನು ಎದೆಯ ಮೇಲೆ ಬಿಡಿಸಿಟ್ಟುಕೊಂಡು ಎರಡನೇ ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದ.

ಅದಕ್ಕೂ ಮೊದಲೇ ಒಂದು ದಿನ ಸ್ಕ್ಯಾನ್ ಮಾಡಿ, ಅಳತೆ ತೆಗೆದು, ಸೊಂಟದ ಎರಡು ಪಕ್ಕಕ್ಕೂ ಕಿಬ್ಬೊಟ್ಟೆಗೂ ಸೂಜಿಮೊನೆಯಷ್ಟು ಹಚ್ಚೆಯ ಚುಕ್ಕೆ ಹಾಕಿದ್ದರು. ದಿನಾ ಅದೇ ಜಾಗಕ್ಕೆ ಕಿರಣ ಬೀಳಲಿ ಎಂದು. "ಇಷ್ಟು ವಯಸ್ಸಾದ ಮೇಲೆ ಹಚ್ಚೆ ಹಾಕಿಸ್ಕೊಂಡು ಬಂದಿದೀರಲ್ಲ, ನನ್ನ ಹೆಸರಾದ್ರೂ ಬರೆಸಬಾರ್ದಿತ್ತಾ" ಎಂದಿದ್ದಳು ಹೆಂಡತಿ.

ಮೊದಲ ದಿನವೇ ಎಡವಟ್ಟಾಯಿತು. ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ಕಾದು, ಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ಅಂಗಿ ತೊಟ್ಟು, ತಣ್ಣಗಿನ ದೊಡ್ಡ ಕೋಣೆಯ ಮೇಜಿನ ಮೇಲೆ ಮಲಗಿದರು. ಟೆಕ್ನಿಷಿಯನ್ ಹುಡುಗಿ ಮೊಣಕಾಲ ಕೆಳಗೆ ದಿಂಬಿಟ್ಟು, ಚುಕ್ಕೆಗಳನ್ನು ಬೆಳಕಿನ ಗೆರೆಗೆ ಸರಿಹೊಂದಿಸಿ, "ಅಲುಗಾಡಬೇಡಿ ಸರ್, ಉಸಿರಾಡಿ ಪರವಾಗಿಲ್ಲ" ಎಂದು ಹೊರಗೆ ಹೋದಳು. ಭಾರದ ಬಾಗಿಲು ಮುಚ್ಚಿಕೊಂಡಿತು. ಯಂತ್ರದ ತೋಳು ಗುಂಯ್ ಎನ್ನುತ್ತ ಅವರ ಸುತ್ತ ಅರ್ಧ ತಿರುಗಿ ನಿಂತಿತು. ಮೇಷ್ಟ್ರು ಜೀವ ಬಿಗಿಹಿಡಿದರು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

"ಆಯ್ತಾಮ್ಮಾ?"

"ಶುರುನೇ ಮಾಡಿಲ್ಲ ಸರ್. ಹೊಟ್ಟೇಲಿ ಗಾಳಿ ತುಂಬಿದೆ, ಮೂತ್ರಕೋಶ ತುಂಬಿಲ್ಲ. ಎದ್ದು ಸ್ವಲ್ಪ ಓಡಾಡಿ, ಇನ್ನೊಂದೆರಡು ಲೋಟ ನೀರು ಕುಡೀರಿ. ಆಮೇಲೆ ಕರೀತೀನಿ."

ಸಾವಿರಾರು ಜನರನ್ನು ಪರೀಕ್ಷೆಗೆ ಕಳಿಸಿದ್ದ ಮೇಷ್ಟ್ರು ಹೀಗೆ ಮಲಗಿದ ಮೇಜಿನಿಂದಲೇ ಡುಮ್ಕಿ ಹೊಡೆದು ಹೊರಗೆ ಬಂದರು.

ಹೊರಗೆ ಕಾಯುವ ಕೋಣೆಯಲ್ಲಿ ಅವರ ಥರದವರೇ ನಾಲ್ಕೈದು ಜನ. ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಎಲ್ಲರ ಮುಖದಲ್ಲೂ ಕೆಂಡ ತುಳಿದಂಥ ಕಳೆ. ಕೂತವರು ಕಾಲ ಮೇಲೆ ಕಾಲು ಹಾಕಿ ಬಿಗಿಯುತ್ತಿದ್ದರು, ನಿಂತವರು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಅವರಲ್ಲಿ ಹಿರಿಯ ಒಬ್ಬ ನಿವೃತ್ತ ಪ್ಲಂಬರ್. ಅವನನ್ನು ಎಲ್ಲರೂ ನಲ್ಲಿ ಅಜ್ಜ ಎನ್ನುತ್ತಿದ್ದರು. ಅವನೇ ಹಾಗೆ ಕರೆಯಲು ಹೇಳಿದ್ದನಂತೆ.

"ವಾಪಸ್ ಕಳಿಸಿದ್ರಾ ತಮ್ಮಾ? ಎಲ್ರಿಗೂ ಆಗುತ್ತೆ, ಬೇಜಾರು ಮಾಡ್ಕೋಬೇಡ" ಎಂದ ಅಜ್ಜ. "ನಾನು ಜೀವಮಾನವೆಲ್ಲ ಜನರ ಮನೆ ಸೋರೋ ನಲ್ಲಿ ಕಟ್ಟಿದೆ. ಈಗ ನೋಡು, ನನ್ನ ವಾಷರ್ರೇ ಸವೆದುಹೋಗಿದೆ. ಕೋಸು, ಕಾಳು ತಿನ್ಬೇಡ. ತಿಂದ್ರೆ ಹೊಟ್ಟೆ ಡೋಲು ಆಗುತ್ತೆ, ಈ ಹುಡುಗಿ ಸೇರಿಸಲ್ಲ. ಇನ್ನೊಂದು ಮಾತು, ತಡೆಯೋಕೆ ಆಗ್ದಿದ್ರೆ ಹೇಳ್ಬಿಡು. ನಾಚ್ಕೋಬೇಡ."

ಮೇಷ್ಟ್ರು ಹೂಂ ಎಂದರು. ಹೇಳುವ ಪೈಕಿಯಲ್ಲ ತಾನು ಎಂದು ಮನಸ್ಸಿನಲ್ಲೇ ಅಂದುಕೊಂಡರು. ಅಂದು ಎರಡನೇ ಸಲ ಒಳಗೆ ಹೋದಾಗ ಕೆಲಸ ಮುಗಿಯಿತು. ಯಂತ್ರ ಸುತ್ತಿತು, ಝೇಂಕರಿಸಿತು, ನಿಂತಿತು. ನೋವಿಲ್ಲ, ಬಿಸಿಯಿಲ್ಲ, ಏನೂ ಇಲ್ಲ. ಏನೂ ಆಗದಿರುವುದೇ ಅವರಿಗೆ ದೊಡ್ಡ ಕಸಿವಿಸಿಯಾಯಿತು. ಕಾಣದ ಯಾವುದೋ ಒಂದು ತಮ್ಮ ಮೈ ಹೊಕ್ಕು ಕೆಲಸ ಮಾಡುತ್ತಿದೆ, ತಮ್ಮನ್ನು ಕೇಳದೆ, ತಮಗೆ ತಿಳಿಯದೆ.

ಹಾಗೇ ದಿನಗಳು ಉರುಳಿದವು. ಬೇಕರಿಯವನು ದಿನಾ ಆಸ್ಪತ್ರೆ ಮುಂದಿನ ತಿರುವಿನಲ್ಲಿ ಗಾಡಿ ಆಫ್ ಮಾಡುತ್ತಿದ್ದ. "ಹಾಫ್ ಕ್ಲಚ್, ಹಾಫ್ ಕ್ಲಚ್" ಎಂದು ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು. ಆ ತಿರುವು ಬಂದರೆ ಅವನು ಹೆದರುತ್ತಾನೆಂದು ಅವರು ಅಂದುಕೊಂಡಿದ್ದು. ಹೆದರುತ್ತಿದ್ದದ್ದು ಅವರ ಕಾಲು. ಅಲ್ಲಿ ಬಂದೊಡನೆ ತಮಗರಿವಿಲ್ಲದೆ ತಮ್ಮ ಬ್ರೇಕನ್ನು ಅರ್ಧ ಒತ್ತಿರುತ್ತಿದ್ದರು. ಅರ್ಧ ಒತ್ತಿದ ಬ್ರೇಕಿನಲ್ಲಿ ಯಾವ ಗಾಡಿ ತಾನೇ ಮುಂದೆ ಹೋದೀತು?

ಮನೆಯಲ್ಲಿ ಇನ್ನೊಂದು ಪೇಚು. ಇಂಜೆಕ್ಷನ್ನಿನ ಪ್ರಭಾವ ಶುರುವಾಗಿತ್ತು. ಕೂತಿದ್ದಂತೆ ಎದೆಯಿಂದ ನೆತ್ತಿಗೆ ಬಿಸಿ ಹತ್ತುವುದು, ಬೆನ್ನೆಲ್ಲ ತೊಯ್ದು ಹೋಗುವುದು, ಮರುಕ್ಷಣ ಚಳಿ. ಮೇಷ್ಟ್ರು ಎದ್ದು ಕಿಟಕಿ ತೆರೆಯುವರು, ಮುಚ್ಚುವರು, ಮತ್ತೆ ತೆರೆಯುವರು. ಕೆಲವು ವರ್ಷದ ಹಿಂದೆ ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಡತಿಗೆ ಹೀಗೇ ಆಗುತ್ತಿತ್ತು. ಆಗ ಅವಳು ತೆರೆದ ಕಿಟಕಿಯನ್ನು ಇವರು ಗೊಣಗುತ್ತ ಮುಚ್ಚುತ್ತಿದ್ದರು.

ಅವಳು ಹಸಿ ಬಟ್ಟೆ ತಂದು ಅವರ ಕತ್ತಿನ ಮೇಲೆ ಹಾಕಿದಳು. "ಈಗ ಗೊತ್ತಾಯ್ತಾ, ಮೈಯೊಳಗೆ ಒಲೆ ಹಚ್ಚಿದ್ರೆ ಹೆಂಗಿರುತ್ತೆ ಅಂತ."

"ನಿನಗೂ ಹಿಂಗೇ ಆಗ್ತಿತ್ತಾ?"

"ಇಲ್ಲ, ನಾನು ಸುಮ್ನೆ ನಾಟಕ ಆಡ್ತಿದ್ದೆ" ಎಂದಳು. ಬಟ್ಟೆಯ ಇನ್ನೊಂದು ಮಗ್ಗುಲು ತಿರುವಿ ಹಾಕುತ್ತ, "ಆಗುತ್ತೆ, ಹೋಗುತ್ತೆ. ಹತ್ತಿ ಬಟ್ಟೆ ಹಾಕ್ಕೊಳ್ಳಿ" ಎಂದಳು.

ಆ ವಾರವೇ ಮೇಷ್ಟ್ರು ತಮ್ಮ ದಿಂಬು ತೆಗೆದುಕೊಂಡು ನಡುಮನೆಯ ಸೋಫಾಕ್ಕೆ ಹೋದರು. ಮೈಗೆ ಹೊಕ್ಕ ರೇಡಿಯೇಷನ್ ಕರೆಂಟು ಅವಳಿಗೆ ತಾಕಬಾರದು ಎಂಬುದು ಅವರು ಕೊಟ್ಟ ಕಾರಣ.

"ನಿಮ್ಮ ಮೈಯಿಂದ ಯಾರಿಗೂ ಏನೂ ಬರಲ್ಲ ಅಂತ ಡಾಕ್ಟ್ರು ಹೇಳಿದ್ದನ್ನ ನಾನು ಕೇಳಿಸ್ಕೊಂಡಿದೀನಿ" ಎಂದಳು ಅವಳು. "ನಿಜ ಹೇಳಿ."

ನಿಜ ಬೇರೆಯೇ ಇತ್ತು. ನಾಲ್ಕನೇ ವಾರ ನಡೆಯುತ್ತಿತ್ತು. ರಾತ್ರಿಗೆ ಆರೇಳು ಸಲ ಏಳಬೇಕಾಗುತ್ತಿತ್ತು. ಹೋದರೆ ಹನಿ ಹನಿ, ಅದೂ ಖಾರ ಸವರಿದಂತೆ ಉರಿ. ಬಂದು ಮಲಗಿದರೆ ಮತ್ತೆ ಒತ್ತಡ. ಸೋಫಾದಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ ಹತ್ತಿರ, ಅಷ್ಟೇ ಅದರ ಗುಟ್ಟು. ಗಂಡಸೆಂಬ ಹೆಸರಿಗೆ ಇನ್ನೇನು ಉಳಿಯಿತು ಎಂಬ ಯೋಚನೆಯೂ ಬರುತ್ತಿತ್ತು, ಅದನ್ನಂತೂ ಯಾರ ಮುಂದೆ ಆಡುವುದು?

ಹೀಗಿರುವಾಗ ಒಂದು ದಿನ ಯಂತ್ರ ಕೆಟ್ಟು ನಿಂತಿತು.

ಮೇಷ್ಟ್ರು ಆಗಲೇ ನೀರು ಕುಡಿದು ಮುಗಿಸಿದ್ದರು. ಟೆಕ್ನಿಷಿಯನ್ ಹುಡುಗಿ ಬಂದು, "ಸ್ವಲ್ಪ ತೊಂದರೆ ಆಗಿದೆ, ಇಂಜಿನಿಯರ್ ನೋಡ್ತಿದಾರೆ. ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ. ಯಾರಿಗೆ ಕಷ್ಟ ಆಗ್ತಿದೆಯೋ ಅವರು ಹೋಗಿ ಬನ್ನಿ, ಆಮೇಲೆ ಮತ್ತೆ ನೀರು ಕುಡಿದ್ರಾಯ್ತು" ಎಂದಳು. ನಲ್ಲಿ ಅಜ್ಜ ಅವಳ ಮಾತು ಮುಗಿಯುವ ಮೊದಲೇ ಬಚ್ಚಲ ಬಾಗಿಲಲ್ಲಿದ್ದ. ಮೇಷ್ಟ್ರು ಕದಲಲಿಲ್ಲ. ಮೊದಲ ದಿನ ವಾಪಸು ಕಳಿಸಿದ್ದನ್ನು ಅವರು ಮರೆತಿರಲಿಲ್ಲ. ಇನ್ನೇನು ಕರೆದುಬಿಡುತ್ತಾರೆ, ಖಾಲಿ ಮಾಡಿಕೊಂಡರೆ ಮತ್ತೆ ಮೊದಲಿನಿಂದ ಎಂದು ಹಲ್ಲು ಕಚ್ಚಿ ಕೂತರು. ಕೂತು ಆಗದೆ ನಿಂತರು. ನಿಂತು ಆಗದೆ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಗಾಜಿನ ಕಿಟಕಿಯ ಹಿಂದೆ ಯಾರೋ ಲೋಟಕ್ಕೆ ನೀರು ಬಗ್ಗಿಸಿದರು, ಆ ಸದ್ದಿಗೆ ಬೆನ್ನುಹುರಿ ಜುಂ ಎಂದಿತು. ಕೊನೆಗೆ ಸೋತು ಬಚ್ಚಲಿಗೆ ಓಡಿದರೆ ಎರಡೂ ಬಾಗಿಲು ಒಳಗಿನಿಂದ ಹಾಕಿದ್ದವು. ಒಂದನ್ನು ತಟ್ಟಿದರು. "ಇದೀನಿ" ಎಂಬ ದನಿ ಬಂತು. ಅಷ್ಟೇ. ಮುಂದಿನದು ಅವರ ಕೈಯಲ್ಲಿರಲಿಲ್ಲ. ಬೂದು ಬಣ್ಣದ ಪ್ಯಾಂಟು ತೊಡೆಯಿಂದ ಮೊಣಕಾಲಿನವರೆಗೆ ಕಪ್ಪಾಯಿತು. ಎದುರು ಬರುತ್ತಿದ್ದ ಹೆಂಗಸೊಬ್ಬಳು ಮುಖ ತಿರುಗಿಸಿಕೊಂಡಳು. ಅವಳು ನೋಡಿ ನಕ್ಕಿದ್ದರೂ ವಾಸಿಯಿತ್ತು.

ಯಾರಿಗೂ ಹೇಳದೆ ಮೇಷ್ಟ್ರು ನೇರ ಗಾಡಿಗೆ ಬಂದರು. ಬಾಗಿಲು ತೆಗೆದ ಸದ್ದಿಗೆ ಬೇಕರಿಯವನು ಎಚ್ಚರಗೊಂಡ. ನೋಡಿದ. ಹಿಂದಿನ ಸೀಟಿನಲ್ಲಿದ್ದ ತನ್ನ ಚೀಲಕ್ಕೆ ಕೈ ಹಾಕಿ, ಹಿಟ್ಟಿನ ಕಲೆಯ ದಪ್ಪ ಬಿಳಿ ಏಪ್ರನ್ ಎಳೆದು, ನಾಲ್ಕು ಮಡಿಕೆ ಮಾಡಿ ಪಕ್ಕದ ಸೀಟಿಗೆ ಹಾಸಿ, ಅಂಗೈಯಿಂದ ಒಮ್ಮೆ ಸವರಿದ. ಮೇಷ್ಟ್ರು ಕೂತರು. ಅವನು ಗಾಡಿ ತೆಗೆದ. ಮನೆ ಮುಟ್ಟುವವರೆಗೆ ಒಮ್ಮೆಯೂ ಆಫ್ ಮಾಡಲಿಲ್ಲ. ಇಳಿಯುವಾಗ, "ಏಪ್ರನ್ ನಿಮ್ಮ ಹತ್ರನೇ ಇರ್ಲಿ ಮೇಷ್ಟ್ರೇ. ನನ್ ಹತ್ರ ಬೇಕಾದಷ್ಟಿವೆ" ಎಂದ.

ಹೆಂಡತಿ ಗ್ರಂಥಾಲಯದಲ್ಲಿದ್ದಳು. ಮೇಷ್ಟ್ರು ಪ್ಯಾಂಟನ್ನೂ ಏಪ್ರನ್ನನ್ನೂ ತಾವೇ ಒಗೆದು ಒಣಹಾಕಿ, ಆಮೇಲೆ ಮನೆಯೊಳಗೆ ಸುತ್ತತೊಡಗಿದರು. ಅಡುಗೆಮನೆ, ನಡುಮನೆ, ಬಾಲ್ಕನಿ, ಮತ್ತೆ ಅಡುಗೆಮನೆ. ಸಾಕು ಎಂದು ಅವರೊಳಗೆ ಯಾರೋ ತೀರ್ಪು ಕೊಟ್ಟಿದ್ದರು. ಹೆಚ್ಚುಕಮ್ಮಿ ಅರ್ಧ ಆಗಿದೆಯಲ್ಲ, ಅಷ್ಟಕ್ಕೇ ಸತ್ತರೆ ಕ್ಯಾನ್ಸರ್ ಸಾಯಲಿ, ಇಲ್ಲದಿದ್ದರೆ ಇರಲಿ. ಆಸ್ಪತ್ರೆಯಿಂದ ಫೋನು ಬಂತು. ಎತ್ತಲಿಲ್ಲ.

ಮರುದಿನ ಹೆಂಡತಿ ಎಂದಿನಂತೆ ಬಾಟಲಿಗೆ ನೀರು ತುಂಬಿ ಕೊಟ್ಟಳು. ಎಂದಿನಂತೆ ತೆಗೆದುಕೊಂಡು ಹೋದರು. ದೊಡ್ಡ ವೃತ್ತ ಬಂದಾಗ, "ಎಡಕ್ಕೆ ತಗೋ, ಇವತ್ತು ಹೊರವರ್ತುಲ ರಸ್ತೆ ಮಾಡೋಣ" ಎಂದರು. ಬೇಕರಿಯವನು ಅವರ ಮುಖ ನೋಡಿ ಎಡಕ್ಕೆ ತೆಗೆದುಕೊಂಡ. ಊರ ಹೊರಗೆ ಗೋದಾಮುಗಳ ಸಾಲು, ಲಾರಿಗಳು, ಧೂಳು. ಮೇಷ್ಟ್ರು ಎಂದಿಗಿಂತ ಹೆಚ್ಚು ಕಿರುಚಿದರು. ಕನ್ನಡಿ ನೋಡಲಿಲ್ಲವೆಂದು, ಗೇರು ತಡವಾಯಿತೆಂದು, ಲಾರಿಗೆ ಅಷ್ಟು ಹೆದರುವವನು ವ್ಯಾನ್ ಏನು ಓಡಿಸುತ್ತೀಯೆಂದು. ಅದರ ಮರುದಿನವೂ ಹಾಗೇ. ಒಟ್ಟು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು. ಸಂಜೆ ಹೆಂಡತಿ "ಇವತ್ತು ಹೆಂಗಿತ್ತು?" ಎಂದರೆ, "ಅದೇ, ಮಲಗೋದು ಏಳೋದು" ಎಂದರು.

ಮೂರನೇ ಬೆಳಗ್ಗೆ ವೃತ್ತ ಬಂದಿತು.

"ಎಡಕ್ಕೆ."

ಬೇಕರಿಯವನು ಇಂಡಿಕೇಟರ್ ಹಾಕಲಿಲ್ಲ.

"ಎಡಕ್ಕೆ ಅಂದೆ ಕಣಪ್ಪಾ."

"ಕೇಳಿಸ್ತು ಮೇಷ್ಟ್ರೇ."

ಗಾಡಿ ನೆಟ್ಟಗೆ ಆಸ್ಪತ್ರೆಯ ರಸ್ತೆಗೆ ಇಳಿಯಿತು.

"ಏನಿದು? ಮೇಷ್ಟ್ರು ನಾನೋ ನೀನೋ?"

"ನೀವೇ. ಈ ದಾರಿ ಕಲಿಸಿದ್ದೂ ನೀವೇ. ನಂಗೆ ಬೇರೆ ದಾರಿ ಸರಿಯಾಗಿ ಬರಲ್ಲ" ಎಂದ ಅವನು, ಕಣ್ಣು ರಸ್ತೆಯಿಂದ ಕೀಳದೆ.

ಮೇಷ್ಟ್ರು ಬ್ರೇಕು ಒತ್ತಿದರು. ಅರ್ಧ ಅಲ್ಲ, ಪೂರ್ತಿ. ಗಾಡಿ ಮುಗ್ಗರಿಸಿ, ಒದರಿ, ರಸ್ತೆಯ ನಟ್ಟನಡುವೆ ಸತ್ತು ನಿಂತಿತು. ಹಿಂದಿನಿಂದ ಹಾರನ್ನುಗಳು ಒಂದರ ಮೇಲೊಂದು ಎದ್ದವು. ಒಬ್ಬ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ ಬೈದು ಹೋದ. ಎಂದಿನ ಬೇಕರಿಯವನಾಗಿದ್ದರೆ ಸ್ಟಿಯರಿಂಗ್ ಬಿಟ್ಟು ಕೈ ಎತ್ತಿಬಿಡುತ್ತಿದ್ದ. ಅಂದು ಬೆವರುತ್ತಿದ್ದ, ಆದರೆ ಬಿಡಲಿಲ್ಲ.

"ನಿನಗೆ ಯಾರು ಹೇಳಿದ್ರು?" ಎಂದರು ಮೇಷ್ಟ್ರು.

"ಆ ಕಟ್ಟಡದ ಮೇಲೆ ಬೋರ್ಡು ಇದೆಯಲ್ಲ ಮೇಷ್ಟ್ರೇ. ಮೊದಲನೇ ದಿನವೇ ಓದ್ದೆ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ನೀವು ಹೇಳ್ಲಿಲ್ಲವಲ್ಲ."

ಹಿಂದೆ ಒಂದು ಲಾರಿ ಬಂದು ನಿಂತು ಊಳಿಟ್ಟಿತು. ಬೇಕರಿಯವನು ಕೀಲಿಗೆ ಕೈ ಹಾಕಿ, "ಕಾಲು ಎತ್ತಿ ಮೇಷ್ಟ್ರೇ. ನೀವು ಒತ್ಕೊಂಡಿದ್ರೆ ಗಾಡಿ ಹೋಗಲ್ಲ" ಎಂದ.

ಮೇಷ್ಟ್ರು ಕೆಳಗೆ ನೋಡಿದರು. ಆ ಪಾದ ಯಾರದೋ ಎಂಬಂತೆ ನೋಡಿದರು. ಹೇಳಬೇಕೆನಿಸಿದ್ದು ಬೇಕಾದಷ್ಟಿತ್ತು, ಅವನನ್ನು ಅಲ್ಲೇ ಇಳಿಸಿ ತಾವೇ ಓಡಿಸಿಕೊಂಡು ಹೋಗುವುದೂ ಒಂದು. ಇಳಿಸಿ ಹೋಗುವುದಾದರೂ ಎಲ್ಲಿಗೆ? ಗೋದಾಮುಗಳ ರಸ್ತೆಗೋ? ಪಾದ ಎತ್ತಿದರು. ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಬೇಕರಿಯವನು ಬಾಗಿಲ ಸಂದಿನಲ್ಲಿದ್ದ ನೀರಿನ ಬಾಟಲಿಯನ್ನು ಗದ್ದದಲ್ಲೇ ತೋರಿಸಿದ. ಮೇಷ್ಟ್ರು ಮುಚ್ಚಳ ತಿರುಗಿಸಿದರು.

ಟೆಕ್ನಿಷಿಯನ್ ಹುಡುಗಿ ಬೈಯುತ್ತಾಳೆಂದುಕೊಂಡಿದ್ದರು. ಅವಳು ಬೈಯಲಿಲ್ಲ. ಕೋಣೆಯ ಹೊರಗೆ ಕುರ್ಚಿ ಎಳೆದು ಪಕ್ಕದಲ್ಲಿ ಕೂತು, "ಫೋನ್ ಮಾಡಿದ್ವಿ ಸರ್" ಎಂದಳು.

"ಆವತ್ತು ಇಲ್ಲೇ ಕಾರಿಡಾರ್‌ನಲ್ಲಿ..." ಎಂದು ಮೇಷ್ಟ್ರು ನಿಲ್ಲಿಸಿದರು.

"ಗೊತ್ತು. ಒರೆಸಿದವರು ಹೇಳಿದ್ರು. ವಾರಕ್ಕೊಬ್ಬರಿಗೆ ಆಗುತ್ತೆ ಸರ್ ಇಲ್ಲಿ. ಆ ಕಪಾಟಿನಲ್ಲಿ ಬದಲಿ ಪ್ಯಾಂಟು ಇಟ್ಟಿರೋದು ಮತ್ಯಾಕೆ ಅಂದ್ಕೊಂಡ್ರಿ?" ಎಂದಳು. "ಹಿಡ್ಕೊಂಡು ಕೂರೋದು ಇಲ್ಲಿ ಪಂದ್ಯ ಅಲ್ಲ. ಆಗಲ್ಲ ಅನ್ಸಿದ್ರೆ ನಮಗೆ ಹೇಳಿ, ನೀರಿನ ಅಳತೆ ಕಮ್ಮಿ ಮಾಡಬಹುದಾ ಅಂತ ಡಾಕ್ಟರನ್ನ ಕೇಳ್ತೀನಿ. ಉರಿ ಇದೆಯಾ?"

"ಇದೆ."

"ಎಷ್ಟು ದಿನದಿಂದ?"

ಮೇಷ್ಟ್ರು ಹೇಳಿದರು. ಒಮ್ಮೆ ಬಾಯಿಬಿಟ್ಟ ಮೇಲೆ ಉಳಿದದ್ದೂ ಬಂತು. ಉರಿ, ಹನಿ, ಹೊಟ್ಟೆ, ರಾತ್ರಿ, ಸೋಫಾ. ಇಪ್ಪತ್ತೈದರ ಹುಡುಗಿಯ ಮುಂದೆ ಇದೆಲ್ಲ ಹೇಳುತ್ತಿದ್ದೇನಲ್ಲ ಎಂದು ಒಮ್ಮೆ ಅನಿಸಿತು, ಅಷ್ಟರಲ್ಲಿ ಹೇಳಿ ಆಗಿತ್ತು. ಅವಳು ಎದ್ದು ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಸೋಂಕು ಇದೆಯೋ ಎಂದು ಮೂತ್ರ ಪರೀಕ್ಷೆಗೆ ಬರೆದರು, ಉರಿಗೆ ಮಾತ್ರೆ ಬರೆದರು, ಕಾಫಿ ಬಿಡಿ ಎಂದರು. ಬಿಟ್ಟುಹೋದ ದಿನಗಳನ್ನು ಕೊನೆಗೆ ಸೇರಿಸುತ್ತೇವೆ, ಆದರೆ ಇನ್ನು ಬಿಡಬೇಡಿ, ಮಧ್ಯೆ ಮಧ್ಯೆ ತಪ್ಪಿಸಿದರೆ ಮಾಡಿದ್ದರ ಬಲ ಕುಂದುತ್ತದೆ ಎಂದರು.

ಆ ದಿನ ವಾಪಸು ಬರುವಾಗ ಮೇಷ್ಟ್ರಿಗೆ ಕಣ್ಣು ಹತ್ತಿತು. ಪಾಠದ ಹೊತ್ತಿನಲ್ಲಿ ಕಣ್ಣು ಮುಚ್ಚಿದವರೇ ಅಲ್ಲ ಅವರು. ಎಚ್ಚರವಾದಾಗ ಗಾಡಿ ತಮ್ಮ ಮನೆಯ ಗೇಟಿನ ಮುಂದೆ ನಿಂತಿತ್ತು. ಬೇಕರಿಯವನು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು, ಪಾಪ, ಅಲ್ಲಾಡದೆ ಕೂತಿದ್ದ.

"ಎಷ್ಟು ಹೊತ್ತಾಯ್ತು ಬಂದು?"

"ಸ್ವಲ್ಪ ಹೊತ್ತಾಯ್ತು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

ಮೇಷ್ಟ್ರ ಎದೆ ಧಸಕ್ಕೆಂದಿತು. ಡಾಕ್ಟರಮ್ಮ ಕ್ಯಾನ್ಸರ್ ಎಂದಾಗಲೂ ಹಾಗೆ ಆಗಿರಲಿಲ್ಲ. ಲೈಸೆನ್ಸಿಲ್ಲದವನ ಪಕ್ಕದಲ್ಲಿ ನಿದ್ದೆ. ಮಧ್ಯೆ ಒಂದು ಮಗು ಅಡ್ಡ ಬಂದಿದ್ದರೆ, ಒಂದು ಸೈಕಲ್ಲು ಅಡ್ಡ ಬಂದಿದ್ದರೆ? ಕೆಳಗಿಳಿದವರೇ ಉಳಿದ ಶಿಷ್ಯರಿಗೆಲ್ಲ ಫೋನು ಮಾಡಿ ಪಾಠ ನಿಲ್ಲಿಸಿದರು. ಅದರ ಹಿಂದೆಯೇ ಗ್ರಂಥಾಲಯಕ್ಕೂ ಮಾಡಿದರು. "ನಾಳೆಯಿಂದ ನೀನು ಬರ್ಬೇಕು ಕಣೇ. ನಾನು ಎರಡು ದಿನ ಹೋಗಿರ್ಲಿಲ್ಲ" ಎಂದರು.

ಅವಳು, ಗ್ರಂಥಾಲಯದ ಪಿಸುದನಿಯಲ್ಲೇ, "ಪ್ಯಾಂಟು ಒಗೆದು ಹಾಕಿದ್ದು ನೋಡಿದಾಗಲೇ ಅನುಮಾನ ಬಂತು. ಮೂವತ್ತೈದು ವರ್ಷದಲ್ಲಿ ನೀವು ಒಂದು ಕರ್ಚೀಫೂ ಒಗೆದವರಲ್ಲ" ಎಂದಳು. ಬೈಗುಳ ಸಂಜೆಗೆ ಬಂತು, ಬಡ್ಡಿ ಸಮೇತ. ರಾತ್ರಿ ದಿಂಬು ಸೋಫಾದಿಂದ ಒಳಗೆ ಹೋಯಿತು, ಅದನ್ನು ಎತ್ತಿಟ್ಟವಳು ಅವಳೇ.

ಉಳಿದ ವಾರಗಳು ಮೂವರೂ ಹೋಗಿ ಬಂದರು. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು, ಮೇಷ್ಟ್ರು ತೂಕಡಿಸಿದರೆ ಹೆಗಲು ತಿವಿಯುತ್ತಿದ್ದಳು. ಉಳಿದಂತೆ ಬೇಕರಿಯವನ ಜೊತೆ ಹಿಟ್ಟು ಹುದುಗುವುದರ ಬಗ್ಗೆ, ಅವನ ಮಗಳ ಓದಿನ ಬಗ್ಗೆ ಮಾತೋ ಮಾತು. ಮೇಷ್ಟ್ರಿಗೆ ರೇಗುತ್ತಿತ್ತು. "ಓಡಿಸೋನನ್ನ ಮಾತಾಡಿಸ್ಬೇಡ" ಎಂದರೆ, "ನೀವು ಕಿರುಚೋದಕ್ಕಿಂತ ಇದೇ ವಾಸಿ, ಗಾಡಿ ಆಫ್ ಆಗ್ತಿಲ್ಲ ನೋಡಿ" ಎನ್ನುತ್ತಿದ್ದಳು. ಅದು ನಿಜವಾದ್ದರಿಂದ ಇನ್ನಷ್ಟು ರೇಗುತ್ತಿತ್ತು.

ನಲ್ಲಿ ಅಜ್ಜನದು ಅವರಿಗಿಂತ ಮೊದಲೇ ಮುಗಿಯಿತು. ಹೋಗುವಾಗ ತನ್ನ ಖಾಲಿ ಬಾಟಲಿ ತೋರಿಸಿ, "ಇದನ್ನ ನೋಡಿದ್ರೆ ವಾಂತಿ ಬರುತ್ತೆ ತಮ್ಮಾ" ಎಂದು ಕಸದ ಬುಟ್ಟಿಗೆ ಹಾಕಿ ಹೋದ. ಮತ್ತೆ ಅವನನ್ನು ಮೇಷ್ಟ್ರು ಕಾಣಲಿಲ್ಲ.

ಕೊನೆಯ ದಿನವೂ ಉಳಿದ ದಿನದಂತೆಯೇ ಇತ್ತು. ಯಂತ್ರ ಸುತ್ತಿತು, ನಿಂತಿತು. "ಮುಗೀತು ಸರ್" ಎಂದಳು ಹುಡುಗಿ. ಮೇಷ್ಟ್ರು ಮನೆಗೆ ಬಂದು, ಮುಗಿಯಿತಲ್ಲ ಎಂದು ಕಾಲು ಚಾಚಿದರು. ಮುಗಿದಿರಲಿಲ್ಲ. ಮುಂದಿನ ಹತ್ತು ಹನ್ನೆರಡು ದಿನ ಉರಿಯೂ ಸುಸ್ತೂ ಮೊದಲಿಗಿಂತ ಜೋರಾದವು. ಏನೋ ಎಡವಟ್ಟಾಗಿದೆ, ಸುಟ್ಟುಬಿಟ್ಟಿದ್ದಾರೆ ಎಂದು ಅವರು ಮನೆಯೆಲ್ಲ ಸುತ್ತಿದರು. "ಹಿಂಗೇ ಆಗುತ್ತೆ ಅಂತ ಮೊದಲನೇ ದಿನವೇ ಹೇಳಿದ್ರು" ಎಂದಳು ಹೆಂಡತಿ. "ಯಾವಾಗ?" ಎಂದರು ಮೇಷ್ಟ್ರು. ಆಮೇಲೆ, ಬೆಂಕಿ ತಾನೇ ಉರಿದು ಆರುವಂತೆ, ದಿನಕ್ಕಿಷ್ಟು ಇಳಿಯುತ್ತ ಬಂತು. ಒಂದು ರಾತ್ರಿ ಎರಡೇ ಸಲ ಎದ್ದರು. ಬೆಳಗ್ಗೆ ಅದನ್ನು ಮಗಳ ಮದುವೆ ಗೊತ್ತಾದವರ ಹಾಗೆ ಹೆಂಡತಿಗೆ ಹೇಳಿದರು.

ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆ. ಡಾಕ್ಟರಮ್ಮ ಕಾಗದ ನೋಡಿ, ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಅಂಶ ಚೆನ್ನಾಗಿ ಇಳಿದಿದೆ ಎಂದರು.

"ಹೋಯ್ತು ಅಂತಾನಾ ಡಾಕ್ಟ್ರೇ?"

"ಇಳೀತಾ ಇದೆ ಅಂತ. ಇನ್ನೂ ಇಳಿಯುತ್ತೆ, ಅದಕ್ಕೆ ಸಮಯ ಬೇಕು. ನಾಲ್ಕು ತಿಂಗಳಿಗೆ ಮತ್ತೆ ನೋಡೋಣ."

ಹೋಯಿತು ಎಂಬ ಒಂದು ಮಾತಿಗಾಗಿ ಬಂದಿದ್ದ ಮೇಷ್ಟ್ರು ಆ ಮಾತಿಲ್ಲದೆ ಎದ್ದರು. ಹೊರಗೆ ಬಂದು ಹೆಂಡತಿಯ ಮುಖ ನೋಡಿದರೆ ಅವಳ ಕಣ್ಣು ತುಂಬಿತ್ತು. ಅವಳಿಗೆ 'ಇಳೀತಾ ಇದೆ' ಎಂಬುದೇ ಸಾಕಾಗಿತ್ತು. ಇವರಿಗೆ ಸಾಲಲಿಲ್ಲ, ಆದರೂ ಅವಳ ಮುಂದೆ ಸಾಕೆಂಬಂತೆ ತಲೆಯಾಡಿಸಿದರು.

ಬೇಕರಿಯವನು ಮೂರನೇ ಪರೀಕ್ಷೆಯಲ್ಲೂ ಫೇಲಾದ. ದಾರಿ ಬಿಟ್ಟುಕೊಡಬೇಕಾದ ಕಡೆ ಬಿಟ್ಟುಕೊಟ್ಟ, ಬಿಟ್ಟುಕೊಡುತ್ತಲೇ ಇದ್ದ, ಪರೀಕ್ಷೆ ಮಾಡುವವರಿಗೇ ಬೇಜಾರಾಯಿತು. ನಾಲ್ಕನೆಯದರಲ್ಲಿ ಪಾಸಾದ. ಈಗ ಬೆಳಗ್ಗೆ ಮೇಷ್ಟ್ರ ಮನೆ ಮುಂದೆ ವ್ಯಾನು ನಿಲ್ಲಿಸಿ, ಬಾಗಿಲಿಗೆ ಒಂದು ಬ್ರೆಡ್ಡು ತಗುಲಿಸಿ ಹೋಗುತ್ತಾನೆ, ಹಾರನ್ನು ಹೊಡೆಯುವುದಿಲ್ಲ.

ಮೇಷ್ಟ್ರು ಮತ್ತೆ ಪಾಠ ಶುರು ಮಾಡಿದರು, ಮೊದಲಿನಷ್ಟಲ್ಲ, ಬೆಳಗ್ಗೆ ಇಬ್ಬರು, ಸಂಜೆ ಒಬ್ಬರು. ಹೊಸದಾಗಿ ಸೇರಿದವಳು ಒಬ್ಬಳು ಹಲ್ಲಿನ ಡಾಕ್ಟರು, ಚುರುಕು ಹೆಂಗಸು, ಎಲ್ಲದಕ್ಕೂ ಕಾರಣ ಕೇಳುವವಳು.

"ಸರ್, ದಿನಾ ಯಾಕೆ ಈ ಸುತ್ತುಬಳಸು ದಾರಿ? ಪೆಟ್ರೋಲ್ ಬಂಕು, ಪಾರ್ಕು, ಬಸ್ ಸ್ಟ್ಯಾಂಡು. ನೆಟ್ಟಗೆ ಹೋದ್ರೆ ಹತ್ರ ಅಲ್ವಾ?"

ಮೇಷ್ಟ್ರು ಮುಂದಿನ ವಾರ ಮತ್ತೆ ಪರೀಕ್ಷೆಗೆ ರಕ್ತ ಕೊಡಬೇಕಿತ್ತು, ಅದೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

"ನಂಗೆ ಕ್ಯಾನ್ಸರ್ ಆಗಿತ್ತಮ್ಮಾ, ಕೆಳಹೊಟ್ಟೆಗೆ ಕರೆಂಟು ಕೊಟ್ಟಿದಾರೆ. ಆಗಾಗ ಒಂದಕ್ಕೆ ಹೋಗ್ಬೇಕು. ಈ ಮೂರು ಕಡೆ ಬಚ್ಚಲು ಚೊಕ್ಕಟವಾಗಿದೆ" ಎಂದರು.

ಅವಳು ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಬಂಕು ಬಂದುಬಿಟ್ಟಿತ್ತು.

"ಮಾತು ಆಮೇಲೆ. ಇಂಡಿಕೇಟರ್ ಎಲ್ಲಿ?" ಎಂದರು ಮೇಷ್ಟ್ರು. "ಹಾಕು, ಹಾಕು, ನನಗೆ ಅರ್ಜೆಂಟಿದೆ."